ಸಂಜೆ 8ಕ್ಕೆ ಉಸಿರುಗಟ್ಟುತ್ತಿದ್ದ ಸೀರೆ ಅಂಗಡಿ: ಶೇರ್ಡ್ ಹೋಸ್ಟಿಂಗ್‌ನ ಒಂದು ಪ್ರಕರಣ

ಇದು ಇಳಕಲ್ ಸೀರೆಗಳ ಆನ್‌ಲೈನ್ ಅಂಗಡಿ. ಸೈಟು ಕಟ್ಟುವ ವರ್ಡ್‌ಪ್ರೆಸ್ ಮೇಲೆ ಅಂಗಡಿ ನಡೆಸುವ ವೂಕಾಮರ್ಸ್, ಒಂದೇ ಸರ್ವರನ್ನು ಹಲವು ಖಾತೆಗಳು ಹಂಚಿಕೊಳ್ಳುವ, ವರ್ಷಕ್ಕೊಮ್ಮೆ ದುಡ್ಡು ಕಟ್ಟುವ ಶೇರ್ಡ್ ಹೋಸ್ಟಿಂಗ್ ಪ್ಲಾನು, ಒಳಗೆ ಖಾತೆಯನ್ನು ನಿಭಾಯಿಸುವ ಸಿಪ್ಯಾನೆಲ್. ಪಟ್ಟಿಯಲ್ಲಿ 1,860 ಸೀರೆಗಳಿದ್ದವು. ಅದರಲ್ಲಿ 1,200 ಆಗಲೇ ಮಾರಿಹೋದವು. ಕೈಮಗ್ಗದ ಮಾಲಾದ್ದರಿಂದ ಹೆಚ್ಚುಕಡಿಮೆ ಎಲ್ಲವೂ ಒಂದೊಂದೇ ಪೀಸು.

ಹಗಲು ಹೊತ್ತಿನಲ್ಲಿ ಪುಟ ತೆರೆಯಲು 3–4 ಸೆಕೆಂಡು ಹಿಡಿಯುತ್ತಿತ್ತು. ಇನ್‌ಸ್ಟಾಗ್ರಾಮ್ ಜಾಹೀರಾತು ಓಡುವ ಸಂಜೆ 8ರಿಂದ 10ರವರೆಗೆ ಅದು 10 ಸೆಕೆಂಡಿನ ಹತ್ತಿರ ಹೋಗಿ, ನಡುನಡುವೆ '508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್' ಎಂಬ ಬಿಳಿ ಪುಟ ಬರುತ್ತಿತ್ತು. ಇಷ್ಟನ್ನು ಅಂಗಡಿಯವರು ಹೇಗೋ ಸಹಿಸಿಕೊಂಡಿದ್ದರು. ಒಂದೇ ಸೀರೆ ಇಬ್ಬರಿಗೆ ಮಾರಾಟವಾದ ದಿನ ಗಾಬರಿಯಾದರು.

ಅದು ಆದದ್ದು ಹೀಗೆ. ಮೊದಲ ಗ್ರಾಹಕಿ ಯುಪಿಐನಲ್ಲಿ ಹಣ ಕಟ್ಟಿದರು, ಖಾತೆಯಿಂದ ಹಣ ಹೋಯಿತು. ಹಣ ಬಂದಿದೆ ಎಂದು ಪೇಮೆಂಟ್ ಗೇಟ್‌ವೇ ಸೈಟಿಗೆ ಒಂದು ವೆಬ್‌ಹುಕ್ ಕಳಿಸುತ್ತದೆ. ಆ ಗಳಿಗೆಯಲ್ಲಿ ಸೈಟು ಕೊಟ್ಟ ಉತ್ತರ 508. ಆರ್ಡರು 'ಪೆಂಡಿಂಗ್ ಪೇಮೆಂಟ್' ಸ್ಥಿತಿಯಲ್ಲೇ ಉಳಿಯಿತು. ಹಣ ಬಾರದ ಆರ್ಡರಿಗೆ ವೂಕಾಮರ್ಸ್ ಸ್ಟಾಕ್ ಹಿಡಿದಿಡುವುದು 60 ನಿಮಿಷ ಮಾತ್ರ, ಅದು ಅದರ ಮೂಲ ಸೆಟ್ಟಿಂಗು. ಗಂಟೆ ಕಳೆದ ಮೇಲೆ ಸೀರೆ ಮತ್ತೆ ಮಾರಾಟಕ್ಕೆ ಬಂತು, ಇನ್ನೊಬ್ಬರು ಕೊಂಡರು. ಆಮೇಲೆ ಗೇಟ್‌ವೇ ವೆಬ್‌ಹುಕ್ಕನ್ನು ಮತ್ತೆ ಕಳಿಸಿದಾಗ ಮೊದಲ ಆರ್ಡರೂ 'ಹಣ ಸಂದಿದೆ' ಎಂದಾಯಿತು. ನಿಧಾನ ಅಂದರೆ ಗ್ರಾಹಕರ ಬೇಸರ ಮಾತ್ರ ಎಂದುಕೊಂಡು ಬಹಳ ಜನ ಸುಮ್ಮನಿರುತ್ತಾರೆ. ಒಂದೊಂದೇ ಪೀಸಿನ ವ್ಯಾಪಾರದಲ್ಲಿ ಅದು ಲೆಕ್ಕವನ್ನೇ ಕೆಡಿಸುತ್ತದೆ.

ಅಷ್ಟರೊಳಗೆ ಮಾಡಿದ್ದ ಉಪಾಯಗಳು ಎರಡು: ಒಂದರ ಮೇಲೊಂದು ಎರಡು ಕ್ಯಾಶ್ ಪ್ಲಗಿನ್ (ಒಮ್ಮೆ ತಯಾರಾದ ಪುಟವನ್ನು ಉಳಿಸಿಟ್ಟು ಮುಂದಿನವರಿಗೂ ಅದನ್ನೇ ಕೊಡುವ ಸೇರ್ಪಡೆ) ಹಾಕಿದ್ದು, ಹೋಸ್ಟಿಂಗ್‌ನ ಸಪೋರ್ಟ್‌ಗೆ ಬರೆದದ್ದು. ಸಪೋರ್ಟಿನಿಂದ ಬಂದ ಉತ್ತರ, ಮೇಲಿನ ಪ್ಲಾನಿಗೆ ಹೋಗಿ ಎಂಬುದು.

ಅಳತೆ

ಯಾವ ಪ್ಲಗಿನ್ನನ್ನೂ ಮುಟ್ಟುವ ಮೊದಲು ನಾಲ್ಕು ವಿಳಾಸಗಳನ್ನು ಅಳೆಯಲಾಯಿತು. ಮೊದಲನೆಯದು ಸರ್ವರ್‌ನಲ್ಲಿರುವ ಒಂದು ಸಾದಾ ಪಠ್ಯ ಫೈಲು. ಎರಡನೆಯದು ವರ್ಡ್‌ಪ್ರೆಸ್ಸನ್ನು ಕರೆಯದೆ ಒಂದೇ ಪದ ಮುದ್ರಿಸುವ ಪುಟ್ಟ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಫೈಲು. ಮೂರನೆಯದು ಮುಖಪುಟ, ನಾಲ್ಕನೆಯದು ಒಂದು ಸೀರೆ ಹಾಕಿಟ್ಟ ಕಾರ್ಟ್ ಪುಟ. ಬೆಂಗಳೂರಿನ ಒಂದು ಸಂಪರ್ಕದಿಂದ ಕರ್ಲ್ ಎಂಬ ಸಾಧನ ಬಳಸಿ, ಮೊದಲ ಬೈಟು ಬರಲು ಹಿಡಿದ ಸಮಯವನ್ನು ಐದೈದು ಸಲ ತೆಗೆದುಕೊಂಡು ನಡುವಿನ ಅಂಕಿ ಆರಿಸಿದ್ದು. ಬೆಳಿಗ್ಗೆ 7ಕ್ಕೆ ಒಮ್ಮೆ, ರಾತ್ರಿ 8.30ಕ್ಕೆ ಒಮ್ಮೆ.

ಪಠ್ಯ ಫೈಲು: ಬೆಳಿಗ್ಗೆ 0.71 ಸೆಕೆಂಡು, ರಾತ್ರಿ 0.72.
ಪುಟ್ಟ ಪಿಎಚ್‌ಪಿ ಫೈಲು: 0.78, ರಾತ್ರಿ 2.9.
ಮುಖಪುಟ: 3.1, ರಾತ್ರಿ 9.4.
ಕಾರ್ಟ್: 3.9, ರಾತ್ರಿ 11.

ಈ ಎಂಟು ಅಂಕಿಗಳೇ ಅರ್ಧ ರೋಗನಿರ್ಣಯ. ಮೊದಲ ಸಾಲಿನ 0.71 ಸೆಕೆಂಡು ಪೂರ್ತಿ ದೂರದ ಬೆಲೆ. ಸರ್ವರ್ ಇದ್ದದ್ದು ಅಮೆರಿಕದಲ್ಲಿ. ಹೋಗಿಬರುವ ಒಂದು ಸುತ್ತಿಗೆ ಸುಮಾರು 230 ಮಿಲಿಸೆಕೆಂಡು. ಸಂಪರ್ಕ ತೆರೆಯುವ ಟಿಸಿಪಿಗೆ ಒಂದು ಸುತ್ತು, ಅದನ್ನು ಸುರಕ್ಷಿತಗೊಳಿಸುವ ಟಿಎಲ್‌ಎಸ್ 1.3ಕ್ಕೆ ಒಂದು, ಪುಟ ಕೇಳಿ ಪಡೆಯಲು ಒಂದು, ಅಲ್ಲಿಗೆ 690 ಆಯಿತು. ಎರಡನೇ ಸಾಲು ಇನ್ನೂ ಮುಖ್ಯ. ವರ್ಡ್‌ಪ್ರೆಸ್ಸೇ ಇಲ್ಲದ ಫೈಲು ರಾತ್ರಿ 2 ಸೆಕೆಂಡಿಗೂ ಮೇಲೆ ಕಾಯುತ್ತದೆ ಎಂದರೆ ಖಾತೆಗೆ ಸಿಗುವ ಸಿಪಿಯು ಮುಗಿದುಹೋಗಿದೆ, ಎಲ್ಲವೂ ಸರದಿಯಲ್ಲಿ ನಿಂತಿದೆ. ಮೂರನೇ ಸಾಲು ಹೇಳುವುದು, ಎರಡು ಕ್ಯಾಶ್ ಪ್ಲಗಿನ್ ಇದ್ದೂ ಮುಖಪುಟ ಕ್ಯಾಶ್‌ನಿಂದ ಬರುತ್ತಿಲ್ಲ ಎಂದು. (ಅಳತೆ ಮುಗಿದ ಮೇಲೆ ಆ ಪಿಎಚ್‌ಪಿ ಫೈಲನ್ನು ಅಳಿಸಲು ಮರೆಯಬಾರದು.)

ಇಪ್ಪತ್ತು ಕುರ್ಚಿ, ಒಬ್ಬನೇ ಅಡುಗೆಭಟ್ಟ

ಸಿಪ್ಯಾನೆಲ್‌ನಲ್ಲಿ 'ರಿಸೋರ್ಸ್ ಯೂಸೇಜ್' ಎಂಬ ಪುಟವಿದೆ. ಶೇರ್ಡ್ ಹೋಸ್ಟಿಂಗ್ ಸರ್ವರ್‌ಗಳಲ್ಲಿ ಬಹಳಷ್ಟು ಕ್ಲೌಡ್‌ಲಿನಕ್ಸ್ ಮೇಲೆ ಓಡುತ್ತವೆ, ಅದು ಪ್ರತಿ ಖಾತೆಗೂ ಒಂದು ಬೇಲಿ ಹಾಕುತ್ತದೆ. ಇಲ್ಲಿನ ಬೇಲಿ: ಸಿಪಿಯು ಶೇ. 100, ಅಂದರೆ ಒಂದೇ ಕೋರ್. ಮೆಮೊರಿ 1 ಜಿಬಿ. ಎಂಟ್ರಿ ಪ್ರೋಸೆಸ್, ಅಂದರೆ ಒಮ್ಮೆಗೆ ಒಳಗೆ ನಡೆಯಬಹುದಾದ ಕರೆಗಳು, 20. ಡಿಸ್ಕ್ ಓದು-ಬರಹ ಸೆಕೆಂಡಿಗೆ 1 ಎಂಬಿ. ಮಿತಿ ಮುಟ್ಟಿದಾಗ ಇವು ನಡೆದುಕೊಳ್ಳುವ ರೀತಿ ಬೇರೆಬೇರೆ. ಸಿಪಿಯು ಮತ್ತು ಡಿಸ್ಕ್ ಮಿತಿ ಯಾವ ಎರರ್ ಕೂಡ ಕೊಡುವುದಿಲ್ಲ, ಸುಮ್ಮನೆ ನಿಧಾನ ಮಾಡುತ್ತವೆ. ಮೆಮೊರಿ ಮುಗಿದರೆ 500 ಅಥವಾ 503 ಬರುತ್ತದೆ. ಎಂಟ್ರಿ ಪ್ರೋಸೆಸ್ ತುಂಬಿದರೆ 508.

ಗ್ರಾಫ್‌ನಲ್ಲಿ ಸಿಪಿಯು ಗೆರೆ ಸಂಜೆ 7.50ರಿಂದ 10.20ರವರೆಗೆ ಮೇಲ್ಛಾವಣಿಗೆ ಅಂಟಿಕೊಂಡಿತ್ತು. ಮೆಮೊರಿ 600 ಎಂಬಿ ದಾಟಿದ್ದೇ ಇಲ್ಲ. ಸಪೋರ್ಟ್ ಸೂಚಿಸಿದ ಮೇಲಿನ ಪ್ಲಾನಿನಲ್ಲಿ ಮೆಮೊರಿ 2 ಜಿಬಿ, ಆದರೆ ಸಿಪಿಯು ಅದೇ ಒಂದು ಕೋರ್. ಹಣ ಕಟ್ಟಿದ್ದರೂ ಕೂದಲಷ್ಟು ವ್ಯತ್ಯಾಸವಾಗುತ್ತಿರಲಿಲ್ಲ. ಪ್ಲಾನ್ ಬದಲಿಸುವ ಮೊದಲು ಯಾವ ಗೆರೆ ಛಾವಣಿ ಮುಟ್ಟಿದೆ ಎಂದು ನೋಡಲೇಬೇಕು.

508 ಕಂಡವರು ಎಂಟ್ರಿ ಪ್ರೋಸೆಸ್ ಹೆಚ್ಚಿಸಿ ಎಂದು ಕೇಳುವುದು ರೂಢಿ. ಹೋಟೆಲ್‌ನ ಲೆಕ್ಕದಲ್ಲಿ ನೋಡಿದರೆ ಎಂಟ್ರಿ ಪ್ರೋಸೆಸ್ ಅಂದರೆ ಕುರ್ಚಿ, ಸಿಪಿಯು ಅಂದರೆ ಅಡುಗೆಭಟ್ಟ. ಭಟ್ಟ ಒಬ್ಬನೇ ಇದ್ದು ದೋಸೆ ತಡವಾದರೆ ಕುರ್ಚಿ ಬೇಗ ಖಾಲಿಯಾಗುವುದಿಲ್ಲ, ಹೊರಗೆ ನಿಂತವರಿಗೆ ಜಾಗವಿಲ್ಲ. 20 ಕುರ್ಚಿಯನ್ನು 40 ಮಾಡಿದರೆ ಒಳಗೆ ಕೂತು ಕಾಯುವವರು ಹೆಚ್ಚುತ್ತಾರೆ, ಅಷ್ಟೇ.

ಲೆಕ್ಕ ಹೀಗಿದೆ. ಕ್ಯಾಶ್ ಇಲ್ಲದ ಒಂದು ಪುಟಕ್ಕೆ ಈ ಸೈಟು ಸುಮಾರು 1.1 ಸೆಕೆಂಡಿನಷ್ಟು ಸಿಪಿಯು ತಿನ್ನುತ್ತಿತ್ತು. ಒಂದು ಕೋರ್ ಇದ್ದರೆ ನಿಮಿಷಕ್ಕೆ ಹೆಚ್ಚೆಂದರೆ 54 ಪುಟ. ಪ್ರತಿ ಪುಟದ ಹಿಂದೆಯೇ ಕಾರ್ಟ್‌ನಲ್ಲಿ ಎಷ್ಟಿದೆ ಎಂದು ಕೇಳುವ 'ಕಾರ್ಟ್ ಫ್ರಾಗ್ಮೆಂಟ್ಸ್' ಎಂಬ ಇನ್ನೊಂದು ಕರೆ ಹೋಗುತ್ತಿತ್ತು, ಅದೂ ಕ್ಯಾಶ್ ಆಗದಂಥದ್ದು. ವೂಕಾಮರ್ಸ್ 7.8ರಿಂದ ಈ ಸ್ಕ್ರಿಪ್ಟ್ ಕಾರ್ಟ್ ವಿಜೆಟ್ ಇರುವ ಕಡೆ ಮಾತ್ರ ಬರುತ್ತದೆ, ಆದರೆ ಈ ಥೀಮ್‌ನ ಹೆಡರ್‌ನಲ್ಲೇ ಆ ವಿಜೆಟ್ ಕೂತಿತ್ತು. ಹಾಗಾಗಿ ಒಂದು ಪುಟ ನೋಡಿದರೆ ಎರಡು ಕರೆ. ನಿಮಿಷಕ್ಕೆ 27 ಪುಟ. ಜಾಹೀರಾತಿನ ಸಂಜೆಗೆ ಅದೇ ಕಡಿಮೆ, ಆದರೆ ಗ್ರಾಹಕರಿಗೆ ಅಷ್ಟೂ ಸಿಗುತ್ತಿರಲಿಲ್ಲ.

ಲಾಗ್‌ನಲ್ಲಿ ಸಿಕ್ಕ ಗಿರಾಕಿಗಳು

ವೂಕಾಮರ್ಸ್ ಸೆಷನ್ ಟೇಬಲ್‌ನಲ್ಲಿ 31,000 ಸಾಲುಗಳಿದ್ದವು. ಕಾರ್ಟ್‌ಗೆ ಏನಾದರೂ ಹಾಕಿದಾಗ ಹುಟ್ಟುವ ಈ ಸೆಷನ್‌ನ ಆಯಸ್ಸು 48 ಗಂಟೆ. ಆ ಎರಡು ದಿನದಲ್ಲಿ ಬಂದ ಆರ್ಡರು 14. ಹದಿನಾಲ್ಕು ಆರ್ಡರಿಗೆ ಮೂವತ್ತೊಂದು ಸಾವಿರ ಕಾರ್ಟ್!

ಸಿಪ್ಯಾನೆಲ್‌ನ 'ರಾ ಆಕ್ಸೆಸ್'ನಿಂದ ಒಂದು ದಿನದ ಲಾಗ್ ಇಳಿಸಿಕೊಂಡು ನೋಡಿದಾಗ ಉತ್ತರ ಸಿಕ್ಕಿತು. ಒಂದು ಸಾಲಿನಲ್ಲಿ ಐಪಿ ವಿಳಾಸ, ಸಮಯ, ಕೇಳಿದ ಕೊಂಡಿ, ಉತ್ತರದ ಸಂಖ್ಯೆ, ಕೊನೆಗೆ ಕೇಳಿದವರ ಹೆಸರು. ಕೊಂಡಿಯ ಜಾಗದಲ್ಲಿ 'ಆ್ಯಡ್-ಟು-ಕಾರ್ಟ್' ಮತ್ತು ಒಂದು ಉತ್ಪನ್ನದ ಸಂಖ್ಯೆ, ಎರಡು ಸೆಕೆಂಡು ಬಿಟ್ಟು ಅದೇ ಹೆಸರಿನಿಂದ ಮುಂದಿನ ಸಂಖ್ಯೆ, ಹೀಗೆ ಪುಟಗಟ್ಟಲೆ. ಮನುಷ್ಯರು ಹೀಗೆ ಸೀರೆ ಕೊಳ್ಳುವುದಿಲ್ಲ. ಪಟ್ಟಿ ಪುಟದಲ್ಲಿರುವ 'ಕಾರ್ಟ್‌ಗೆ ಹಾಕಿ' ಬಟನ್ ನಿಜದಲ್ಲಿ ಒಂದು ಸಾದಾ ಕೊಂಡಿ. ಹಿಂಬಾಲಿಸಬೇಡ ಎನ್ನುವ ನೋಫಾಲೋ ಗುರುತು ಇದ್ದರೂ ಎಷ್ಟೋ ಬಾಟ್‌ಗಳು (ಸೈಟುಗಳನ್ನು ತಾವಾಗಿಯೇ ಜಾಲಾಡುವ ಪ್ರೋಗ್ರಾಮುಗಳು) ಅದನ್ನು ಹಿಂಬಾಲಿಸುತ್ತವೆ. ಬಂದವರನ್ನು ಗುರುತು ಹಿಡಿಯಲು ಸೈಟು ಕೊಡುವ ಕುಕಿಯನ್ನು ಬಾಟ್ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೊಸ ಸೆಷನ್. ನಿಮಿಷಕ್ಕೆ ಸುಮಾರು 11 ಕರೆ ಇದಕ್ಕೇ ಹೋಗುತ್ತಿತ್ತು.

ಅದಕ್ಕಿಂತ ದೊಡ್ಡದು ಫಿಲ್ಟರ್‌ಗಳ ಜಾಲ. ಬಣ್ಣ 14, ದಡಿ 4 (ಚಿಕ್ಕಿ, ಗೋಮಿ, ಗಾಡಿ, ಜರಿ), ನೂಲು 3, ವಿಂಗಡಿಸುವ ಕ್ರಮ 6. ಒಂದೊಂದೇ ಆರಿಸಿದರೂ 1,008 ವಿಳಾಸಗಳು, ಪ್ರತಿಯೊಂದಕ್ಕೂ ಮತ್ತೆ ಪುಟ 2, ಪುಟ 3. ಬಾಟ್‌ಗಳು ಇವನ್ನು ದಿನಕ್ಕೆ 24,500 ಸಲ, ಅಂದರೆ ನಿಮಿಷಕ್ಕೆ 17 ಸಲ ಕೇಳುತ್ತಿದ್ದವು. ಒಂದೊಂದೂ ಹೊಸ ವಿಳಾಸವಾದ್ದರಿಂದ ಕ್ಯಾಶ್ ಉಪಯೋಗಕ್ಕೆ ಬಾರದು.

54ರಲ್ಲಿ 11 ಮತ್ತು 17 ಕಳೆದರೆ ಉಳಿಯುವುದು 26. ಪುಟಕ್ಕೆ ಎರಡರಂತೆ, ನಿಜವಾದ ಗ್ರಾಹಕರ ಪಾಲಿಗೆ ನಿಮಿಷಕ್ಕೆ 13 ಪುಟ. ಜಾಹೀರಾತು ಒತ್ತಿ ಹತ್ತು ಜನ ಒಟ್ಟಿಗೆ ಬಂದರೆ ಆಗಲೇ ಸರದಿ ಶುರು.

ರಿಪೇರಿ, ನಡೆದ ಕ್ರಮದಲ್ಲಿ

ಎಲ್ಲಕ್ಕೂ ಮೊದಲು ಡೇಟಾಬೇಸ್ ಮತ್ತು ಫೈಲುಗಳ ಪೂರ್ತಿ ಬ್ಯಾಕಪ್ ತೆಗೆದು ಹೋಸ್ಟಿಂಗ್ ಖಾತೆಯ ಹೊರಗೆ ಇಡಲಾಯಿತು. ನಂತರ ದಿನಕ್ಕೆ ಒಂದೇ ಬದಲಾವಣೆ, ಪ್ರತಿ ರಾತ್ರಿ 8.30ಕ್ಕೆ ಅದೇ ನಾಲ್ಕು ಅಳತೆ. ಒಟ್ಟಿಗೆ ಐದು ಬದಲಾವಣೆ ಮಾಡಿ ಸೈಟು ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ.

ಬಾಟ್‌ಗಳಿಂದ ಶುರು. ಬಾಟ್‌ಗಳಿಗೆ ಸೂಚನೆ ಬರೆದಿಡುವ ರೋಬಾಟ್ಸ್ ಫೈಲಿನಲ್ಲಿ ಆ್ಯಡ್-ಟು-ಕಾರ್ಟ್, ಫಿಲ್ಟರ್ ಮತ್ತು ವಿಂಗಡಣೆಯ ಕೊಂಡಿಗಳಿಗೆ ತಡೆ ಬರೆದದ್ದು ಮೊದಲ ಹೆಜ್ಜೆ. ಮಾತು ಕೇಳುವ ಬಾಟ್‌ಗಳು ಒಂದೆರಡು ದಿನದಲ್ಲಿ ಕಡಿಮೆಯಾದವು. ಕೇಳದವಕ್ಕೆ, ಸೈಟಿನ ಮುಂದೆ ನಿಂತು ಬರುವವರನ್ನು ಸೋಸುವ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನು. ಅದರಲ್ಲಿ ಐದು ಕಸ್ಟಮ್ ನಿಯಮ ಬರೆಯಬಹುದು, ಇಲ್ಲಿ ಎರಡೇ ಸಾಕಾದವು: ಫಿಲ್ಟರ್ ಇರುವ ವಿಳಾಸಕ್ಕೆ ಬಂದವರು ಪರಿಚಿತ ಸರ್ಚ್ ಬಾಟ್ ಅಲ್ಲದಿದ್ದರೆ ಚಾಲೆಂಜ್ (ಮನುಷ್ಯರೇ ಹೌದೇ ಎಂಬ ಪರೀಕ್ಷೆ), ಪೇಮೆಂಟ್ ವೆಬ್‌ಹುಕ್ ಬರುವ ವಿಳಾಸಕ್ಕೆ ಯಾವ ಚಾಲೆಂಜೂ ಬೇಡ. ಎರಡನೆಯದನ್ನು ಮರೆತರೆ ಗೇಟ್‌ವೇಯನ್ನೇ ಬಾಟ್ ಎಂದು ತಡೆದು, ಮೊದಲಿದ್ದ ಇಬ್ಬರಿಗೆ-ಒಂದೇ-ಸೀರೆ ತೊಂದರೆಯನ್ನು ನಾವೇ ಕರೆತಂದಂತೆ. ಇನ್ನೊಂದು ಎಚ್ಚರ: ಕ್ಲೌಡ್‌ಫ್ಲೇರ್ ಹಾಕಿದ ಮೇಲೆ ಸೈಟಿಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ಐಪಿ. ಲಾಗಿನ್ ತಪ್ಪಿದವರನ್ನು ತಡೆಯುವ ಭದ್ರತಾ ಪ್ಲಗಿನ್ ಇದ್ದರೆ ಅದು ಆ ಐಪಿಯನ್ನೇ ತಡೆದು ಎಲ್ಲರನ್ನೂ ಹೊರಗೆ ನಿಲ್ಲಿಸಬಹುದು. ನಿಜವಾದ ಐಪಿ ಎಲ್ಲಿಂದ ಓದಬೇಕೆಂದು ಅದರ ಸೆಟ್ಟಿಂಗ್‌ನಲ್ಲಿ ಹೇಳಬೇಕು. ಬಾಟ್‌ಗಳು ಹೋದ ಮೂರನೇ ರಾತ್ರಿ ಕಾರ್ಟ್ ಪುಟ 11ರಿಂದ 5.2 ಸೆಕೆಂಡಿಗೆ ಇಳಿಯಿತು.

ಆಮೇಲೆ ಕ್ಯಾಶ್. ಪುಟದ ಕ್ಯಾಶ್‌ಗೆ ವರ್ಡ್‌ಪ್ರೆಸ್‌ನಲ್ಲಿ ಇರುವುದು ಒಂದೇ ಡ್ರಾಪ್-ಇನ್ ಫೈಲು, ಅಂದರೆ ಕ್ಯಾಶ್ ಪ್ಲಗಿನ್ ತನ್ನ ಕೋಡ್ ಇಡುವ ಒಂದೇ ಜಾಗ. ಎರಡನೇ ಪ್ಲಗಿನ್ ಮೊದಲನೆಯದರ ಫೈಲನ್ನು ಅಳಿಸಿ ಬರೆದಿತ್ತು, ಎರಡೂ ಅರೆಬರೆ. ಸರ್ವರ್ ತಂತ್ರಾಂಶ ಲೈಟ್‌ಸ್ಪೀಡ್ ಎಂದು ಉತ್ತರದ ಹೆಡರ್‌ನಲ್ಲಿ (ಪುಟದ ಜೊತೆ ಬರುವ ಮಾಹಿತಿಯಲ್ಲಿ) ಕಂಡದ್ದರಿಂದ ಎರಡನ್ನೂ ತೆಗೆದು ಲೈಟ್‌ಸ್ಪೀಡ್ ಕ್ಯಾಶ್ ಒಂದನ್ನೇ ಹಾಕಲಾಯಿತು. ಜಾಹೀರಾತಿನಿಂದ ಬರುವ ಪ್ರತಿಯೊಬ್ಬರ ವಿಳಾಸದ ಬಾಲದಲ್ಲಿ ಎಫ್‌ಬಿಕ್ಲಿಡ್ ಎಂಬ ಉದ್ದನೆಯ ಗುರುತು ಇರುತ್ತದೆ, ಒಬ್ಬೊಬ್ಬರಿಗೂ ಬೇರೆ. ಅದನ್ನು ಲೆಕ್ಕಿಸದಿರು ಎಂದು ಕ್ಯಾಶ್‌ಗೆ ಹೇಳದಿದ್ದರೆ ದುಡ್ಡು ಕೊಟ್ಟು ಕರೆದ ಗ್ರಾಹಕರಿಗೇ ಕ್ಯಾಶ್ ಸಿಗುವುದಿಲ್ಲ! ಹಳೆಯ ಪ್ಲಗಿನ್‌ಗಳಲ್ಲಿ ಆದದ್ದು ಅದೇ. ಲೈಟ್‌ಸ್ಪೀಡ್‌ನಲ್ಲಿ 'ಡ್ರಾಪ್ ಕ್ವೆರಿ ಸ್ಟ್ರಿಂಗ್' ಎಂಬ ಪಟ್ಟಿಯಲ್ಲಿ ಇದು ಇದೆಯೇ ಎಂದು ನೋಡಿಕೊಳ್ಳಬೇಕು.

ಕಾರ್ಟ್, ಚೆಕ್‌ಔಟ್, ಮೈ ಅಕೌಂಟ್ ಈ ಮೂರು ಪುಟ ಕ್ಯಾಶ್ ಆಗಲೇಕೂಡದು. ಕ್ಯಾಶ್ ಆದಲ್ಲಿ ಒಬ್ಬರ ವಿಳಾಸ, ಫೋನ್ ನಂಬರು ಇನ್ನೊಬ್ಬರಿಗೆ ಕಾಣಬಹುದು. ಪರೀಕ್ಷೆ ಸುಲಭ: ಎರಡು ಬೇರೆ ಬ್ರೌಸರ್, ಎರಡು ಬೇರೆ ಸೀರೆ, ಎರಡು ಬೇರೆ ವಿಳಾಸ ಹಾಕಿ ಅದಲುಬದಲಾಗುತ್ತದೆಯೇ ಎಂದು ನೋಡುವುದು. ಒಂದೇ ಪೀಸಿನ ಅಂಗಡಿಗೆ ಇನ್ನೊಂದು ಸೆಟ್ಟಿಂಗು ಅಷ್ಟೇ ಮುಖ್ಯ: ಸ್ಟಾಕ್ ಸ್ಥಿತಿ ಬದಲಾದ ಕೂಡಲೇ ಆ ಉತ್ಪನ್ನದ ಪುಟವೂ ಅದು ಬರುವ ವರ್ಗದ ಪುಟಗಳೂ ಕ್ಯಾಶ್‌ನಿಂದ ಹೋಗಬೇಕು.

ಹೆಡರ್‌ನ ಕಾರ್ಟ್ ವಿಜೆಟ್ ತೆಗೆದು ಬರೀ ಚೀಲದ ಚಿತ್ರ ಇಡಲಾಯಿತು. ಎಷ್ಟು ಸೀರೆ ಹಾಕಿದ್ದೀರಿ ಎಂಬ ಸಂಖ್ಯೆ ಈಗ ಅಲ್ಲಿ ಕಾಣುವುದಿಲ್ಲ. ಅಂಗಡಿಯವರಿಗೆ ಇದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ, ಆದರೆ ಸರಾಸರಿ ಆರ್ಡರು ಒಂದು ಸೀರೆಯದೇ ಆಗಿರುವಾಗ ಆ ಸಂಖ್ಯೆಗೆ ಕೊಡುತ್ತಿದ್ದ ಬೆಲೆ ಬಹಳ ಹೆಚ್ಚಾಯಿತು.

ಕ್ಯಾಶ್ ಆಗದೆ ಉಳಿದ ಪುಟಗಳ ತೂಕ ಇಳಿಸುವುದು ಮುಂದಿನ ಕೆಲಸ. ವರ್ಡ್‌ಪ್ರೆಸ್‌ನ ಆಪ್ಷನ್ಸ್ ಟೇಬಲ್‌ನಲ್ಲಿ 'ಆಟೋಲೋಡ್' ಗುರುತಿರುವ ಎಲ್ಲವೂ ಪ್ರತಿ ಕರೆಗೂ ಓದಲ್ಪಡುತ್ತವೆ. 800 ಕೆಬಿ ದಾಟಿದರೆ ವರ್ಡ್‌ಪ್ರೆಸ್ 6.6ರಿಂದ ಸೈಟ್ ಹೆಲ್ತ್ ಪುಟವೇ ಎಚ್ಚರಿಸುತ್ತದೆ. ಇಲ್ಲಿ 6.8 ಎಂಬಿ! ಅದರಲ್ಲಿ 4 ಎಂಬಿಗೂ ಹೆಚ್ಚು, ಎರಡು ವರ್ಷದ ಹಿಂದೆ ತೆಗೆದುಹಾಕಿದ್ದ ಒಂದು ಸ್ಲೈಡರ್ ಮತ್ತು ಒಂದು ಪೇಜ್ ಬಿಲ್ಡರ್‌ನ ಅವಶೇಷ. ಪ್ಲಗಿನ್ ಅಳಿಸಿದರೆ ಅದರ ಸೆಟ್ಟಿಂಗುಗಳೂ ಅಳಿಯುತ್ತವೆ ಎಂಬ ನಂಬಿಕೆ ಬಹಳ ಸಲ ಸುಳ್ಳಾಗುತ್ತದೆ. ಡೇಟಾಬೇಸ್ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಆ ಟೇಬಲ್ಲನ್ನು ಗಾತ್ರದ ಪ್ರಕಾರ ಇಳಿಕೆ ಕ್ರಮದಲ್ಲಿ ನೋಡಿ, ಮೇಲಿನ 20 ಸಾಲುಗಳಲ್ಲಿ ಹೆಸರಿನಿಂದ ಯಾವ ಪ್ಲಗಿನ್‌ನದು ಎಂದು ಗುರುತಿಸಿ, ಸತ್ತವುಗಳ ಆಟೋಲೋಡ್ ಮಾತ್ರ ಆಫ್ ಮಾಡಲಾಯಿತು. ಕೂಡಲೇ ಅಳಿಸಲಿಲ್ಲ, ಒಂದು ವಾರ ಏನೂ ಕೆಡದಿದ್ದಾಗ ಅಳಿಸಿದ್ದು. ಉಳಿದದ್ದು 620 ಕೆಬಿ.

ಪಿಎಚ್‌ಪಿ 7.4 ಇತ್ತು. ಅದಕ್ಕೆ ಭದ್ರತಾ ತಿದ್ದುಪಡಿ ನಿಂತದ್ದೇ 2022ರ ನವೆಂಬರ್‌ನಲ್ಲಿ. ನಕಲು ಸೈಟಿನಲ್ಲಿ 8.2 ಹಾಕಿ ನೋಡಿದಾಗ ಹಳೆಯ ಒಂದು ಪ್ಲಗಿನ್ ಮುಗ್ಗರಿಸಿತು, ಅದನ್ನು ಬದಲಿಸಿ ನಿಜವಾದ ಸೈಟಿಗೆ ತರಲಾಯಿತು. ಇಲ್ಲೊಂದು ಸಣ್ಣ ಬಲೆ ಇದೆ: ಸಿಪ್ಯಾನೆಲ್‌ನ ಪಿಎಚ್‌ಪಿ ಸೆಲೆಕ್ಟರ್‌ನಲ್ಲಿ ಆವೃತ್ತಿ ಬದಲಿಸಿದಾಗ ಓಪಿಕ್ಯಾಶ್‌ನ ಟಿಕ್ ಹೋಗಿರಬಹುದು. ಅದಿಲ್ಲದಿದ್ದರೆ ಪ್ರತಿ ಕರೆಗೂ ಸಾವಿರಾರು ಫೈಲುಗಳನ್ನು ಹೊಸದಾಗಿ ಕಂಪೈಲ್ ಮಾಡಬೇಕಾಗಿ, ಹೊಸ ಪಿಎಚ್‌ಪಿ ಹಳೆಯದಕ್ಕಿಂತಲೂ ನಿಧಾನ ಅನ್ನಿಸುತ್ತದೆ. ಆಟೋಲೋಡ್, ಪಿಎಚ್‌ಪಿ ಎರಡೂ ಸೇರಿ 1.1 ಸೆಕೆಂಡಿನ ಸಿಪಿಯು 0.45ಕ್ಕೆ ಬಂತು, ನಿಮಿಷಕ್ಕೆ 54 ಇದ್ದ ಸಾಮರ್ಥ್ಯ 133 ಆಯಿತು.

ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್ ಬಗ್ಗೆ ಬೇಗ ಹೇಳಿ ಮುಗಿಸಬಹುದು. ವರ್ಡ್‌ಪ್ರೆಸ್ ತನ್ನ ನಿಗದಿತ ಕೆಲಸಗಳನ್ನು ಯಾರಾದರೂ ಸೈಟಿಗೆ ಬಂದಾಗ ಮಾಡುತ್ತದೆ, ಹಾಗಾಗಿ ಜನ ಹೆಚ್ಚಿರುವ ಹೊತ್ತಿಗೇ ಆ ಹೊರೆಯೂ ಬೀಳುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅದನ್ನು ನಿಲ್ಲಿಸಿ, ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್‌ನಲ್ಲಿ ಗಂಟೆಯ 7, 22, 37, 52ನೇ ನಿಮಿಷಕ್ಕೆ ಇಡಲಾಯಿತು. 0, 15, 30, 45ಕ್ಕೆ ಸರ್ವರ್‌ನ ಅಕ್ಕಪಕ್ಕದ ಖಾತೆಗಳೆಲ್ಲ ಒಟ್ಟಿಗೆ ಏಳುತ್ತವೆ. ಬ್ಯಾಕಪ್ ಪ್ಲಗಿನ್ ಅದನ್ನು ಹಾಕಿದ ದಿನದ ಗಳಿಗೆಯಲ್ಲೇ, ಅಂದರೆ ದಿನಾ ರಾತ್ರಿ 8.10ಕ್ಕೆ ಓಡುತ್ತಿತ್ತು, ಸೆಕೆಂಡಿಗೆ 1 ಎಂಬಿಯ ಡಿಸ್ಕ್ ಮಿತಿಯನ್ನು ಪೂರ್ತಿ ನುಂಗುತ್ತಿದ್ದದ್ದು ಅದೇ. ಬೆಳಗಿನ ಜಾವ 3.40ಕ್ಕೆ ಹೋಯಿತು. ಡೇಟಾಬೇಸ್ ದಿನಾ, ಚಿತ್ರಗಳು ವಾರಕ್ಕೊಮ್ಮೆ.

'ಆರ್ಡರ್ ಮಾಡಿ' ಒತ್ತಿದ ಮೇಲೆ

ಇಷ್ಟಾದರೂ ಆ ಒಂದು ಬಟನ್ ಒತ್ತಿದರೆ 6.4 ಸೆಕೆಂಡು. ಬಿಡಿಸಿ ನೋಡಿದಾಗ ಅದರಲ್ಲಿ 2.6 ಸೆಕೆಂಡು ಇಮೇಲ್ ಕಳಿಸಲು: ಗ್ರಾಹಕರಿಗೆ ಒಂದು, ಅಂಗಡಿಗೆ ಒಂದು, ಎರಡೂ ಹೊರಗಿನ ಎಸ್‌ಎಂಟಿಪಿ (ಮೇಲ್ ರವಾನಿಸುವ) ಸರ್ವರ್ ಮೂಲಕ. 2.1 ಸೆಕೆಂಡು ಕೊರಿಯರ್ ಕಂಪನಿಯಿಂದ ಪಿನ್‌ಕೋಡ್‌ಗೆ ದರ ಕೇಳಲು. ಉಳಿದದ್ದು ಗೇಟ್‌ವೇ ಮತ್ತು ಸೈಟಿನ ಸ್ವಂತ ಕೆಲಸ. ಹೊರಗಿನವರಿಗೆ ಕಾಯುವಾಗ ಸಿಪಿಯು ಖರ್ಚಾಗುವುದಿಲ್ಲ, ಆದರೆ ಕುರ್ಚಿ ಹಿಡಿದೇ ಇರುತ್ತದೆ. 20 ಜನ ಒಟ್ಟಿಗೆ ಆ ಬಟನ್ ಒತ್ತಿದರೆ ಸಿಪಿಯು ಖಾಲಿಯಿದ್ದೂ 508 ಬರುತ್ತದೆ.

ಇಮೇಲ್‌ಗೆ ವೂಕಾಮರ್ಸ್‌ನಲ್ಲೇ 'ಡಿಫರ್ ಟ್ರಾನ್ಸಾಕ್ಷನಲ್ ಇಮೇಲ್ಸ್' ಎಂಬ ಫಿಲ್ಟರ್ ಇದೆ. ಅದನ್ನು ಒಂದು ಸಾಲಿನಲ್ಲಿ ಆನ್ ಮಾಡಿದರೆ ಮೇಲ್ ಹಿನ್ನೆಲೆಯಲ್ಲಿ ಹೋಗುತ್ತದೆ. ಆನ್ ಮಾಡಿದ ಮೇಲೆ ಎರಡು ಪರೀಕ್ಷಾ ಆರ್ಡರ್ ಹಾಕಿ ಮೇಲ್ ಬಂತೇ ಎಂದು ನೋಡಲೇಬೇಕು, ಸರ್ವರ್ ತನ್ನನ್ನೇ ಕರೆದುಕೊಳ್ಳಲು ಬಿಡದಿದ್ದರೆ ಮೇಲ್ ಅಲ್ಲೇ ಉಳಿಯಬಹುದು. ಪಿನ್‌ಕೋಡ್ ದರಕ್ಕೆ ಕರ್ನಾಟಕ, ದಕ್ಷಿಣದ ಇತರ ರಾಜ್ಯಗಳು, ಉಳಿದ ಭಾರತ ಎಂದು ಮೂರು ಸ್ಥಿರ ದರ ಬಂತು. ಒಂದು ಸೀರೆ ಪೊಟ್ಟಣದ ತೂಕ ಹೆಚ್ಚುಕಡಿಮೆ ಒಂದೇ ಆಗಿರುವಾಗ ಪ್ರತಿ ಸಲ ಕೇಳುವ ಅಗತ್ಯವಿರಲಿಲ್ಲ. ಬಟನ್ ಈಗ 1.9 ಸೆಕೆಂಡು.

ಚಿತ್ರಗಳು

ಸೀರೆಗೆ ಐದು ಫೋಟೊ, ಫೋನಿನಿಂದ ನೇರವಾಗಿ ಹಾಕಿದ್ದು, ಒಂದೊಂದು 4–5 ಎಂಬಿ. ಜೂಮ್ ಮಾಡಿದರೆ ವರ್ಡ್‌ಪ್ರೆಸ್ 2,560 ಪಿಕ್ಸೆಲ್‌ಗೆ ಇಳಿಸಿಟ್ಟ ದೊಡ್ಡ ಚಿತ್ರ ಬರುತ್ತದೆ. ಮುಖಪುಟದ ಸ್ಲೈಡರ್‌ನಲ್ಲೂ ಅದೇ ಗಾತ್ರದ ಐದು. ಸ್ಲೈಡರ್ ತೆಗೆದು ಒಂದೇ ಚಿತ್ರ ಇಟ್ಟದ್ದರಿಂದಲೇ ಮೊಬೈಲ್‌ನಲ್ಲಿ 7 ಎಂಬಿಯಷ್ಟು ಕಡಿಮೆಯಾಯಿತು.

ಎಲ್ಲವನ್ನೂ ವೆಬ್‌ಪಿ (ಕಡಿಮೆ ತೂಕದ ಚಿತ್ರ ಮಾದರಿ) ಮಾಡಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇಳಕಲ್ ಸೀರೆಗೆ ಅದನ್ನು ಕಣ್ಣುಮುಚ್ಚಿ ಮಾಡಬಾರದು. ಗುಣಮಟ್ಟ ಕಳೆದುಕೊಂಡು ಕುಗ್ಗುವ ವೆಬ್‌ಪಿ ಬಣ್ಣದ ವಿವರವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸಿಯೇ ಉಳಿಸುತ್ತದೆ. ಬೆಳಕು-ನೆರಳಿನ ವಿವರ ಉಳಿಯುತ್ತದೆ, ಆದರೆ ಕಡುಗೆಂಪು ದಡಿಯ ಮೇಲೆ ಅದಕ್ಕಿಂತ ಸ್ವಲ್ಪವೇ ಬೇರೆಯಾದ ಕೆಂಪಿನ ಗೋಮಿ ನೇಯ್ಗೆ ಕಲಸಿಹೋಗುತ್ತದೆ. ಕೊಳ್ಳುವವರು ಜೂಮ್ ಮಾಡಿ ನೋಡುವುದೇ ಆ ದಡಿಯನ್ನು. ಹಾಗಾಗಿ ಪಟ್ಟಿಯ ಸಣ್ಣ ಚಿತ್ರಗಳು ವೆಬ್‌ಪಿ. ಜೂಮ್‌ನ ಚಿತ್ರ ಮಾತ್ರ 1,600 ಪಿಕ್ಸೆಲ್ ಅಗಲದ, ಬಣ್ಣ ಅರ್ಧಕ್ಕಿಳಿಸದ ಜೆಪೆಗ್, ಗುಣಮಟ್ಟ 82. ಒಂದಕ್ಕೆ ಸುಮಾರು 450 ಕೆಬಿ. ಈ ಪರಿವರ್ತನೆ ನಡೆದದ್ದು ಮನೆಯ ಕಂಪ್ಯೂಟರಿನಲ್ಲಿ. 9,300 ಚಿತ್ರಗಳನ್ನು ಒಂದು ಕೋರ್‌ನ ಶೇರ್ಡ್ ಖಾತೆಯಲ್ಲಿ ಕುಗ್ಗಿಸಲು ಹೊರಟರೆ ಅಂಗಡಿ ದಿನಗಟ್ಟಲೆ ತೆವಳುತ್ತದೆ.

ಕೊನೆಗೆ ಖಾತೆಯನ್ನು ಮುಂಬೈ ಸರ್ವರಿಗೆ ವರ್ಗಾಯಿಸಲಾಯಿತು. ದೂರದ 0.71 ಸೆಕೆಂಡು 0.1ಕ್ಕೆ ಬಂತು. ಇದನ್ನೇ ಮೊದಲು ಮಾಡಿದ್ದರೆ 11 ಸೆಕೆಂಡಿನ ಕಾರ್ಟ್ 10.4 ಆಗುತ್ತಿತ್ತು. ಮುಂದಿನ ಜಾಹೀರಾತಿನ ಸಂಜೆಯ ಅಳತೆ: ಪಠ್ಯ ಫೈಲು 0.1, ಮುಖಪುಟ 0.14, ಕಾರ್ಟ್ 0.8. ಸಿಪಿಯು ಗೆರೆ ಶೇ. 60ರ ಆಸುಪಾಸು, 508 ಒಂದೂ ಇಲ್ಲ. ಸ್ಟಾಕ್ ಹಿಡಿದಿಡುವ ಅವಧಿಯನ್ನು 60ರಿಂದ 180 ನಿಮಿಷಕ್ಕೆ ಏರಿಸಿಡಲಾಗಿದೆ, ಎಂದಾದರೂ ವೆಬ್‌ಹುಕ್ ತಪ್ಪಿದರೆ ಗೇಟ್‌ವೇ ಮತ್ತೆ ಕಳಿಸಲು ಸಮಯ ಸಿಗಲಿ ಎಂದು.

ಹುಡುಕುವ ಪೆಟ್ಟಿಗೆ ಮಾತ್ರ ಇನ್ನೂ 1.8 ಸೆಕೆಂಡು ತೆಗೆದುಕೊಳ್ಳುತ್ತದೆ. ವರ್ಡ್‌ಪ್ರೆಸ್‌ನ ಹುಡುಕಾಟ ಹೆಸರು, ವಿವರಣೆ ಎಲ್ಲದರಲ್ಲೂ ಪದದ ತುಣುಕನ್ನು ಸಾಲುಸಾಲಾಗಿ ಹುಡುಕುತ್ತದೆ, ಅಲ್ಲಿ ಡೇಟಾಬೇಸ್‌ನ ಇಂಡೆಕ್ಸ್ (ಹುಡುಕುಪಟ್ಟಿ) ನೆರವಿಗೆ ಬರುವುದಿಲ್ಲ. ಲಾಗ್‌ನಲ್ಲಿ ಜನ ಹೆಚ್ಚಾಗಿ ಹುಡುಕಿದ್ದು 'ಟೋಪ್ ತೆನಿ', 'ಕಸೂತಿ', 'ಪ್ಯೂರ್ ಸಿಲ್ಕ್' ಈ ಮೂರನ್ನೇ. ಪೆಟ್ಟಿಗೆಯ ಕೆಳಗೆ ಈ ಮೂರು ವರ್ಗಗಳ ಬಟನ್ ಇಟ್ಟಾಗಿದೆ. ಅವು ಕ್ಯಾಶ್‌ನಿಂದ ಬರುತ್ತವೆ.